ಧಾರವಾಡದ 'ಡ' ಇಂಗ್ಲಿಷಿನಲ್ಲಿ 'ರ' ಆದದ್ದು: ಒಂದು ಚುಕ್ಕೆಯ ಜಾಡು

ಧಾರವಾಡ ರೈಲು ನಿಲ್ದಾಣದ ಸಂಕೇತಾಕ್ಷರ ಡಿಡಬ್ಲ್ಯುಆರ್. ಊರಿನ ಹೆಸರು 'ಡ'ದಿಂದ ಮುಗಿದರೆ ಸಂಕೇತ 'ಆರ್'ನಿಂದ ಮುಗಿಯುತ್ತದೆ. ಬ್ರಿಟಿಷರ ಕಾಗದಪತ್ರಗಳಲ್ಲಿ ಊರು 'ಧಾರ್ವಾರ್' ಆಗಿತ್ತು. ಸಂಕೇತದಲ್ಲಿ ಕಾಣುವುದು ಅದರದೇ ನೆರಳು.

ಎರಡು ಸ್ವರಗಳ ನಡುವೆ ನಮ್ಮ 'ಡ' ಗಟ್ಟಿಯಾಗಿ ನಿಲ್ಲುವುದಿಲ್ಲ, ನಾಲಿಗೆ ಮೇಲಕ್ಕೆ ಮಡಚಿ ತಟ್ಟಿ ಜಾರುತ್ತದೆ. ಇಂಗ್ಲಿಷರ ಕಿವಿಗೆ ಅದು 'ರ'ಕ್ಕೆ ಹತ್ತಿರ. ಹಿಂದಿಯವರು ಈ ಉಚ್ಚಾರಕ್ಕೆಂದೇ 'ಡ'ದ ಕೆಳಗೆ ನುಕ್ತಾ ಎಂಬ ಚುಕ್ಕೆ ಇಡುತ್ತಾರೆ. ಹಿಂದಿ ಬರಹದಲ್ಲಿ ಧಾರವಾಡದ ಕೊನೆಯಕ್ಷರಕ್ಕೆ ಚುಕ್ಕೆಯಿರುತ್ತದೆ, ಮರಾಠಿಯಲ್ಲಿ ಇರುವುದಿಲ್ಲ. 1908ರ ಇಂಪೀರಿಯಲ್ ಗೆಜೆಟಿಯರ್ ಎರಡೂ 'ಆ'ಕಾರಗಳ ಮೇಲೆ ದೀರ್ಘದ ಗೆರೆ ಎಳೆಯಿತು, ಆದರೆ 'ಡ'ವನ್ನು ಮಾತ್ರ 'ಆರ್' ಮಾಡಿತು. ಗುಜರಾತಿನ ಕಾಠಿಯಾವಾಡಕ್ಕೂ ಇದೇ ಗತಿಯಾಯಿತು. ನಿಜವಾಗಿಯೂ 'ರ' ಇರುವ ಕಾರವಾರವೂ 'ಡ' ಇರುವ ಧಾರವಾಡವೂ ಇಂಗ್ಲಿಷಿನಲ್ಲಿ ಒಂದೇ ಪ್ರಾಸಕ್ಕೆ ಬಂದವು!

1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಪ್ರಾಚೀನ ಶಿಲೆಗಳನ್ನು 'ಧಾರ್ವಾರ್' ಹೆಸರಿನಲ್ಲೇ ಗುರುತಿಸಿದ. ಹಾಗಾಗಿ ಗದಗದ ಕಪ್ಪತಗುಡ್ಡದ ಬಗ್ಗೆ ಬರೆಯುವ ಭೂವಿಜ್ಞಾನಿಗಳು ಅಲ್ಲಿನ ಹಳೆಯ, ಸ್ಥಿರ ಭೂಪದರವನ್ನು ಇಂದಿಗೂ 'ಧಾರ್ವಾರ್ ಕ್ರೇಟಾನ್' ಎನ್ನುತ್ತಾರೆ.

ವಿದ್ವಾಂಸರ ದಾರಿ ಬೇರೆ. 1894ರ ಜಿನೀವಾ ಪ್ರಾಚ್ಯವಿದ್ಯಾ ಸಮ್ಮೇಳನ ಸಂಸ್ಕೃತವನ್ನು ರೋಮನ್ ಲಿಪಿಯಲ್ಲಿ ಬರೆಯುವ ಕ್ರಮವೊಂದನ್ನು ಶಿಫಾರಸು ಮಾಡಿತು. ಅದರಲ್ಲಿ ಟ, ಡ, ಣಗಳಿಗೆ ಅಕ್ಷರದ ಕೆಳಗೊಂದು ಚುಕ್ಕೆ. ತೊಡಕು ಇರುವುದು 'ಆರ್' ಮತ್ತು 'ಎಲ್'ಗಳಲ್ಲಿ. ಸಂಸ್ಕೃತದವರ ರೂಢಿಯಲ್ಲಿ 'ಆರ್' ಕೆಳಗಿನ ಚುಕ್ಕೆ ಎಂದರೆ 'ಋ'. ಭಾರತೀಯ ಲಿಪಿಗಳನ್ನು ರೋಮನ್‌ಗೆ ತರುವ 2001ರ ಐಎಸ್‌ಒ 15919 ಮಾನದಂಡದಲ್ಲಿ ಅದೇ ಗುರುತು ಹಿಂದಿಯ ನುಕ್ತಾ ಇರುವ 'ಡ'. 'ಎಲ್' ಕೆಳಗಿನ ಚುಕ್ಕೆ ಅಲ್ಲಿ 'ಌ', ಇಲ್ಲಿ ನಮ್ಮ 'ಳ'. ಕನ್ನಡಿಗರಿಗೆ ಎರಡನೆಯದೇ ಒಗ್ಗುತ್ತದೆ. 'ಌ'ಕಾರವನ್ನು ದಿನಾ ಬರೆಯುವವರು ಯಾರಿದ್ದಾರೆ?

ಅಸಲಿಗೆ ಈ ಚುಕ್ಕೆಗೆ ಸ್ವಂತ ಸದ್ದೇ ಇಲ್ಲ. ಧಾರವಾಡದ ಕೊನೆಗೆ ಬರುವ ಚುಕ್ಕೆಯ 'ಡಿ'ಯೇ ಅರಬ್ಬಿಯ 'ರಮದಾನ್' ಪದದ ನಡುವೆಯೂ ಅಚ್ಚಾಗುತ್ತದೆ. ಅಲ್ಲಿ ಅದು ಗಂಟಲು ಬಿಗಿಹಿಡಿದು ನುಡಿಯುವ ವ್ಯಂಜನ. ಹುಬ್ಬಳ್ಳಿಯಲ್ಲಿ ನಾವು ಅದನ್ನು ರಂಜಾನ್ ಎಂದು ಸಲೀಸಾಗಿ ಕರೆಯುತ್ತೇವೆ. ವಿಯೆಟ್ನಾಮಿನಲ್ಲಿ ಚುಕ್ಕೆ ಸ್ವರದ ಕೆಳಗೆ ಕೂರುತ್ತದೆ, ದನಿಯನ್ನು ತಗ್ಗಿಸಿ ಗಂಟಲಲ್ಲಿ ತಡೆಯಬೇಕೆಂದು ಸೂಚಿಸುತ್ತದೆ. ನೈಜೀರಿಯಾದ ಯೊರುಬಾದಲ್ಲಿ 'ಎಸ್' ಕೆಳಗೆ ಬಂದರೆ 'ಶ', ರೋಮನ್ 'ಇ' (e) ಮತ್ತು 'ಒ' (o) ಕೆಳಗೆ ಬಂದರೆ ಬಾಯಿ ಇನ್ನಷ್ಟು ತೆರೆಯಬೇಕು.

ಕನ್ನಡಕ್ಕೂ ತನ್ನದೇ ನುಕ್ತಾ ಉಂಟು, ಒಂದಲ್ಲ ಎರಡು ಚುಕ್ಕೆ: ಇಂಗ್ಲಿಷಿನ z, f ಸದ್ದುಗಳಿಗೆ ಜ಼, ಫ಼. 2003ರಲ್ಲಿ ಕಂಪ್ಯೂಟರ್ ಅಕ್ಷರಗಳ ಮಾನದಂಡವಾದ ಯೂನಿಕೋಡ್ ಅದಕ್ಕೆ ಜಾಗ ಕೊಟ್ಟಿತು. ಪತ್ರಿಕೆಗಳು ಅದರ ಗೊಡವೆಗೆ ಹೋಗುವುದು ಅಪರೂಪ. ಆಫೀಸು ಎಂದು ಬರೆದರೂ ಓದುವವರು ಸರಿಯಾಗಿಯೇ ಓದುತ್ತಾರೆ.

2014ರ ನವೆಂಬರ್ 1ರಂದು ಇಂಗ್ಲಿಷಿನ 'ಹುಬ್ಲಿ' ಅಧಿಕೃತವಾಗಿ ಹುಬ್ಬಳ್ಳಿಯಾಯಿತು. 'ಬಿ' ಎರಡಾದವು, 'ಎ' ಸೇರಿತು, 'ಎಲ್' ಎರಡಾದವು. ಚುಕ್ಕೆ ಮಾತ್ರ ಬರಲಿಲ್ಲ. ಹೊರಗಿನವರು ಬೋರ್ಡ್ ಓದಿ 'ಹುಬ್ಬಲ್ಲಿ' ಎಂದರೆ ಅವರನ್ನು ದೂರಿ ಫಲವಿಲ್ಲ. ಹಾಗೆಂದು ಸರ್ಕಾರ ಚುಕ್ಕೆ ಇಡಬೇಕಿತ್ತು ಎಂದು ನಾನು ವಾದಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಸಾಲುಗಳು ಬರಿಯ ಇಪ್ಪತ್ತಾರು ಅಕ್ಷರ, ಅಂಕಿ ಹಾಗೂ ಒಂದು ಕೋನಚಿಹ್ನೆಯನ್ನಷ್ಟೇ ಒಪ್ಪುತ್ತವೆ. ಹುಬ್ಬಳ್ಳಿಯ 'ಳ' ಅಲ್ಲಿ 'ಲ' ಆಗಿಯೇ ಗಡಿ ದಾಟಬೇಕು.