ಕಂಪ್ಯೂಟರಿನೊಳಗಿನ ಮೇಸ್ತ್ರಿ

ಡಿಸೆಂಬರ್ ಎಂದರೆ ಮೂಡಿಗೆರೆಯ ನಮ್ಮ ತೋಟದಲ್ಲಿ ಅರೇಬಿಕಾ ಕೊಯ್ಲಿನ ಗಡಿಬಿಡಿ. ಅಸ್ಸಾಮಿನಿಂದ ಬಂದವರು ಹಣ್ಣು ಕೊಯ್ಯುತ್ತಾರೆ. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ನಡುವೆ ಮೇಸ್ತ್ರಿ ಇದ್ದಾನೆ, ಹೇಗೋ ನಡೆಯುತ್ತದೆ.

ಕ್ರಿಸ್‌ಮಸ್ ರಜೆಗೆ ಬಂದ ಅಕ್ಕನ ಮಗ, ವಿಂಡೋಸಿನ ಬದಲು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಇರುವ ನನ್ನ ಕಂಪ್ಯೂಟರಿನಲ್ಲಿ ವಿಂಡೋಸಿಗೆಂದೇ ಮಾಡಿದ ಕಾರ್ ರೇಸ್ ಆಟ ಓಡಿಸುತ್ತಿದ್ದ. "ನನಗೆ ಹೇಳದೆ ವಿಂಡೋಸ್ ಹಾಕಿದೆಯಾ?" ಎಂದೆ. "ಇಲ್ಲ ಮಾವ, ವೈನ್ ಇದೆ" ಎಂದ. ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿದರು.

ಈ ವೈನ್ 1993ರಲ್ಲಿ ಶುರುವಾದ ತಂತ್ರಾಂಶ. 'ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್' ಎಂಬುದು ಅದರ ಹೆಸರಿನ ವಿಸ್ತರಣೆ. ಎಮ್ಯುಲೇಟರ್ ಇನ್ನೊಂದು ಯಂತ್ರದ ವೇಷವನ್ನೇ ಹಾಕುತ್ತದೆ, ಆ ಯಂತ್ರದ ಒಂದೊಂದು ಆಜ್ಞೆಯನ್ನೂ ನಟಿಸಿ ತೋರಿಸುತ್ತದೆ. ಹಾಗಾಗಿ ಸುಸ್ತಾಗುತ್ತದೆ. ವೈನ್‌ಗೆ ಆ ಶ್ರಮ ಬೇಕಿಲ್ಲ. ಆಟದ ಇಎಕ್ಸ್‌ಇ ಕಡತವನ್ನು, ಅಂದರೆ ವಿಂಡೋಸಿನಲ್ಲಿ ಓಡುವ ಪ್ರೋಗ್ರಾಮಿನ ಕಡತವನ್ನು, ಸಾದಾ ಬರಹವೆಂಬಂತೆ ತೆರೆದರೆ ಮೊದಲಿಗೇ 'ಎಂ', 'ಝಡ್' ಎಂಬ ಎರಡು ಅಕ್ಷರ ಕಾಣುತ್ತವೆ. ವಿಂಡೋಸಿಗೂ ಹಿಂದಿನ ಡಾಸ್ ಕಾಲದಲ್ಲಿ ಮೈಕ್ರೋಸಾಫ್ಟಿನಲ್ಲಿದ್ದ ಮಾರ್ಕ್ ಝ್ಬಿಕೋವ್‌ಸ್ಕಿ ಉಳಿಸಿಹೋದ ತಮ್ಮ ಹೆಸರಿನ ಗುರುತು ಅದು. ಮುಂದೆ ಇರುವುದರಲ್ಲಿ ಬಹುಪಾಲು ಈ ಅಂಕಿಗಳನ್ನು ಕೂಡು, ಅದನ್ನು ಅಲ್ಲಿಡು ಎಂಬಂಥ ಆಜ್ಞೆಗಳು. ಅವನ್ನು ಪಾಲಿಸುವ ಪ್ರೊಸೆಸರ್‌ಗೆ ವಿಂಡೋಸೂ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ.

ಹಣ್ಣು ಕೊಯ್ಯುವ ಕೈಗೆ ಭಾಷೆ ಯಾಕೆ? ಚೀಲ ಕೇಳುವಾಗ, ಸಂಜೆ ತೂಕ ಬರೆಸುವಾಗ ಮಾತ್ರ ಮೇಸ್ತ್ರಿ ಬೇಕು. ಆಟವೂ ಅಷ್ಟೇ. ಕಡತ ತೆರೆಯಬೇಕಾದಾಗ, ಯಾವ ಕೀಲಿ ಒತ್ತಿದರೆಂದು ತಿಳಿಯಬೇಕಾದಾಗ ವಿಂಡೋಸನ್ನು ಕರೆಯುತ್ತದೆ. ಕರೆಗೆ ಓಗೊಡುವುದು ವೈನ್. ಅದು ಕೋರಿಕೆಯನ್ನು ಲಿನಕ್ಸಿಗೆ ತಿಳಿಯುವಂತೆ ತಿರುಗಿಸಿ, ಉತ್ತರವನ್ನು ಮತ್ತೆ ವಿಂಡೋಸಿನ ರೀತಿಯಲ್ಲಿ ಒಪ್ಪಿಸುತ್ತದೆ. ಆಟ ನಂಬಿರುವ 'ಸಿ ಡ್ರೈವ್' ನಿಜಕ್ಕೂ ನನ್ನ ಕಡತಗಳ ನಡುವಿನ ಒಂದು ಸಾಮಾನ್ಯ ಫೋಲ್ಡರ್. ಸಣ್ಣ ಕಿರಿಕಿರಿಗಳೂ ಇವೆ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದ ಹೆಸರೂ ಚಿಕ್ಕಕ್ಷರದ ಹೆಸರೂ ವಿಂಡೋಸಿಗೆ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಪಾಪ, ವೈನ್ ಫೋಲ್ಡರನ್ನೆಲ್ಲ ತಡಕಿ ಹೋಲುವ ಹೆಸರು ಹುಡುಕಬೇಕು.

ಬಹುಕಾಲ ಕಷ್ಟವಾಗಿದ್ದದ್ದು ಚಿತ್ರದ ಭಾಗ. ವಿಂಡೋಸಿನ ಆಟಗಳು ಗ್ರಾಫಿಕ್ಸ್ ಕಾರ್ಡಿನೊಡನೆ ಹೆಚ್ಚಾಗಿ ಡೈರೆಕ್ಟ್‌3ಡಿ ಎಂಬ ನುಡಿಯಲ್ಲಿ ಮಾತಾಡುತ್ತವೆ. 2016ರಲ್ಲಿ ಲಿನಕ್ಸಿನಲ್ಲೂ ನಡೆಯುವ ವಲ್ಕನ್ ಎಂಬ ಹೊಸ ನುಡಿ ಬಂದ ಮೇಲೆ, ಫಿಲಿಪ್ ರೆಬೋಲೆ ಡೈರೆಕ್ಟ್‌3ಡಿಯನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆದರು. ವೈನನ್ನೂ ಇದನ್ನೂ ಸೇರಿಸಿ ವಾಲ್ವ್ ಎಂಬ ಆಟಗಳ ಕಂಪನಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಹೊರತಂದಿತು. 2022ರ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರ ವಿಂಡೋಸ್ ಆಟಗಳನ್ನು ಓಡಿಸುವುದು ಅದರ ಬಲದಿಂದಲೇ.

ಹುಡುಗನ ಕಾರು ಮೊದಲ ತಿರುವಿನಲ್ಲಿ ಧೂಳೆಬ್ಬಿಸಿದಾಗ ಪರದೆ ಕಣ್ಣೆವೆ ಇಕ್ಕುವಷ್ಟು ಹೊತ್ತು ತಡವರಿಸಿತು. ಎರಡನೇ ಸುತ್ತಿನಲ್ಲಿ ಅದೇ ತಿರುವು, ಅದೇ ಧೂಳು, ತಡವರಿಕೆ ಇಲ್ಲ. ಧೂಳನ್ನು ಬಿಡಿಸುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಮನ್ನು ಕಂಪ್ಯೂಟರು ಮೊದಲ ಸಲ ನಮ್ಮ ಕಾರ್ಡಿಗೆ ಒಗ್ಗಿಸಿಕೊಂಡು, ಕೂಡಿಟ್ಟುಕೊಂಡಿತ್ತು.

ಆಮೇಲೆ ಅವನು ಗೆಳೆಯರೊಡನೆ ಆಡುವ ಇನ್ನೊಂದು ಆಟ ತೆರೆಯಹೋದ. ತೆರೆಯಲೇ ಇಲ್ಲ. ಕೆಲವು ಆಟಗಳ ಜೊತೆ ಮೋಸ ಹಿಡಿಯುವ ಕಾವಲುಗಾರನೊಬ್ಬ ಬರುತ್ತಾನೆ. ಅವನಿಗೆ ವಿಂಡೋಸಿನ ತಿರುಳಾದ ಕರ್ನಲ್ಲಿನೊಳಗೇ ಕೂರಬೇಕು. ಇಲ್ಲಿ ಆ ಕರ್ನಲ್ಲೇ ಇಲ್ಲ. ಮೇಸ್ತ್ರಿ ಮಾತು ದಾಟಿಸಬಲ್ಲ, ಇಲ್ಲದ ತಿಜೋರಿಯನ್ನು ತೆರೆದು ತೋರಿಸಲಾರ. ಕೆಲವು ಕಾವಲುಗಾರರು ಲಿನಕ್ಸಿಗೂ ಒಪ್ಪುತ್ತಾರೆ, ಆದರೆ ಆಟ ಮಾಡಿದವರು ಹೂಂ ಅನ್ನಬೇಕು.

ಹುಡುಗ ಮುಖ ಊದಿಸಿಕೊಂಡು ಕಣಕ್ಕೆ ಬಂದ. ಮೇಸ್ತ್ರಿ ತೂಕದ ಲೆಕ್ಕ ಬರೆಯುವ ಪುಸ್ತಕವನ್ನು ಅವನ ಕೈಗೆ ಕೊಟ್ಟ.