ಉಯೆನೊದ ಆನೆಗಳು: ಕಥೆಯ ಬಾಂಬು, ಚರಿತ್ರೆಯ ತಾರೀಕು

ಯುದ್ಧಕಾಲದ ಪ್ರಾಣಿಗಳ ಬಗ್ಗೆ ಮಕ್ಕಳಿಗೆಂದು ಬರೆದ ಕಥೆ ಕೈಗೆ ಬಂದರೆ ನಾನು ಈಗ ಮೊದಲು ಹುಡುಕುವುದು ತಾರೀಕನ್ನು. ಈ ಅಭ್ಯಾಸ ಕಲಿಸಿದ್ದು ಜಪಾನಿನ ತ್ಸುಚಿಯಾ ಯುಕಿಯೊ ಅವರ ‘ಕವಾಯಿಸೋನ ಜೋ’. ಪ್ರಕಟವಾದದ್ದು 1951ರಲ್ಲಿ. ಹೆಸರನ್ನು ಕನ್ನಡದಲ್ಲಿ ‘ಪಾಪ, ಆನೆಗಳು’ ಎನ್ನಬಹುದು.

ಎರಡನೇ ಮಹಾಯುದ್ಧದ ಕಾಲ. ಟೋಕಿಯೊದ ಉಯೆನೊ ಮೃಗಾಲಯದಲ್ಲಿ ಜಾನ್, ಟೊಂಕಿ, ವಾನ್ಲಿ ಎಂಬ ಮೂರು ಆನೆಗಳು. ಊರಿನ ಮೇಲೆ ದಿನವೂ ಬಾಂಬು ಬೀಳುತ್ತಿದೆ. ಬೋನು ಒಡೆದು ಪ್ರಾಣಿಗಳು ಬೀದಿಗೆ ನುಗ್ಗಿದರೆ ಜನರ ಗತಿಯೇನು ಎಂದು ಸೈನ್ಯ ಅವನ್ನು ಕೊಲ್ಲಿಸುತ್ತದೆ. ವಿಷ ಸೇರಿಸಿದ ಆಲೂಗಡ್ಡೆಯನ್ನು ಜಾನ್ ಗುರುತು ಹಿಡಿದು ಎಸೆಯುತ್ತಾನೆ. ಚುಚ್ಚುಮದ್ದಿನ ಸೂಜಿ ಆನೆಯ ಚರ್ಮದಲ್ಲಿ ಇಳಿಯದೆ ಮುರಿಯುತ್ತದೆ. ಉಳಿಯುವುದು ಒಂದೇ ದಾರಿ, ಮೇವು ನೀರು ನಿಲ್ಲಿಸುವುದು.

ಕಥೆಯ ಜೀವ ಇರುವುದು ಮುಂದಿನ ದೃಶ್ಯದಲ್ಲಿ. ಬಡಕಲಾದ ಟೊಂಕಿ ಮತ್ತು ವಾನ್ಲಿ, ಪಾಲಕನನ್ನು ಕಂಡ ಕೂಡಲೇ ನಡುಗುವ ಕಾಲಲ್ಲಿ ಎದ್ದು ಸೊಂಡಿಲೆತ್ತಿ ತಮಗೆ ಗೊತ್ತಿದ್ದ ಆಟ ತೋರಿಸುತ್ತವೆ. ಆಟವಾಡಿದರೆ ತಿಂಡಿ ಸಿಗುತ್ತದೆ ಎಂಬುದೇ ಅವು ಕಲಿತ ಪಾಠ. ಕೊಟ್ಟ ಮಾತನ್ನು ಅವು ಉಳಿಸಿಕೊಳ್ಳುತ್ತಿವೆ, ಮನುಷ್ಯ ಉಳಿಸಿಕೊಳ್ಳುತ್ತಿಲ್ಲ. ಇಲ್ಲಿ ಲೇಖಕರು ಒಂದು ವಾಕ್ಯವೂ ಉಪದೇಶ ಹೇಳುವುದಿಲ್ಲ. ಓದುವ ಮಗುವಿಗೂ ದೊಡ್ಡವರು ಹೇಳಿದಂತೆ ಕೇಳಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯೇ ಇರುತ್ತದಲ್ಲ, ಆ ನಂಬಿಕೆಗೇ ಕಥೆ ಕೈ ಹಾಕುತ್ತದೆ. ನನಗೆ ಇದನ್ನು ಇವತ್ತಿಗೂ ಒಂದೇ ಉಸಿರಿಗೆ ಓದಿ ಮುಗಿಸಲಾಗದು.

ಇನ್ನು ತಾರೀಕುಗಳು. ಕೊಲ್ಲುವ ಆದೇಶ ಬಂದದ್ದು 1943ರ ಆಗಸ್ಟ್ 16ರಂದು. ಜಾನ್ ಸತ್ತದ್ದು ಆಗಸ್ಟ್ 29ಕ್ಕೆ, ವಾನ್ಲಿ ಸೆಪ್ಟೆಂಬರ್ 11ಕ್ಕೆ, ಟೊಂಕಿ ಸೆಪ್ಟೆಂಬರ್ 23ಕ್ಕೆ. ಅಷ್ಟು ಹೊತ್ತಿಗೆ ಟೋಕಿಯೊ ಕಂಡಿದ್ದ ವಾಯುದಾಳಿ 1942ರ ಏಪ್ರಿಲ್‌ನ ಒಂದೇ ಒಂದು. ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಊರಿನ ಮೇಲೆ ದಾಳಿ ಶುರುಮಾಡಿದ್ದು 1944ರ ನವೆಂಬರ್‌ನಲ್ಲಿ. ಅಂದರೆ ಕಥೆಯಲ್ಲಿ ಆನೆಗಳ ತಲೆಯ ಮೇಲೆ ಹಾರುವ ಬಾಂಬರ್‌ಗಳು, ನಿಜವಾದ ಆನೆಗಳು ಸಾಯುವಾಗ ಆ ಆಕಾಶದಲ್ಲಿರಲಿಲ್ಲ.

ಆದೇಶ ಕೊಟ್ಟವರೂ ಸೈನ್ಯದವರಲ್ಲ. ಟೋಕಿಯೊದ ಗವರ್ನರ್ ಓಡಾಚಿ ಶಿಗೆಯೊ. ಅದಕ್ಕೆ ಮೊದಲು ಅವರು ಜಪಾನ್ ವಶಪಡಿಸಿಕೊಂಡಿದ್ದ ಸಿಂಗಾಪುರದ ಮೇಯರ್ ಆಗಿದ್ದವರು. ಯುದ್ಧ ಕೈಮೀರುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಊರಿನಲ್ಲಿ ಆರಾಮಾಗಿರುವ ಜನರಿಗೆ ಅದರ ಬಿಸಿ ಮುಟ್ಟಿಸಲು ಮೃಗಾಲಯವನ್ನು ಬಳಸಿಕೊಂಡರು ಎಂದು ಇತಿಹಾಸಕಾರರು ವಿವರಿಸುತ್ತಾರೆ. ಆನೆಯೊಂದನ್ನು ಸೆಂಡಾಯಿ ಮೃಗಾಲಯಕ್ಕೆ ಸಾಗಿಸುವ ಸಿದ್ಧತೆ ನಡೆದಿತ್ತು. ಗವರ್ನರ್ ಅದನ್ನು ತಡೆದರು. ಸೆಪ್ಟೆಂಬರ್ 4ರಂದು ಶಾಲೆಯ ಮಕ್ಕಳನ್ನೂ ಕರೆಸಿ, ಬೌದ್ಧ ಭಿಕ್ಷುಗಳಿಂದ ಪ್ರಾಣಿಗಳ ಆತ್ಮಶಾಂತಿಗೆ ಪ್ರಾರ್ಥನೆ ಮಾಡಿಸಲಾಯಿತು. ಮೇಲಿನ ತಾರೀಕುಗಳನ್ನು ಇನ್ನೊಮ್ಮೆ ನೋಡಿ. ಆ ದಿನ ಟೊಂಕಿ, ವಾನ್ಲಿ ಇನ್ನೂ ಬದುಕಿದ್ದವು.

ಕಥೆ ಎಂದ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ ಬಿಡಿ ಎಂದು ಸಹಪಾಠಿಗಳು ಹೇಳುತ್ತಾರೆ. ಆಗಲಿ. ಇಬ್ಬರು ಪಾಲಕರನ್ನು ಒಬ್ಬರನ್ನಾಗಿ ಮಾಡಿದರೆ, ಆಡದ ಮಾತನ್ನು ಆಡಿಸಿದರೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಬದಲಾಗಿರುವುದು ಕಾರಣ. ಬಾಂಬು ಬೀಳುತ್ತಿದ್ದರೆ ಆನೆಗಳನ್ನು ಕೊಲ್ಲುವುದು ವಿಧಿಯಿಲ್ಲದ ಕೆಲಸ, ಎಲ್ಲರೂ ಸಮಾನವಾಗಿ ನೊಂದವರು. ಬಾಂಬು ಇಲ್ಲದಿದ್ದರೆ ಅದು ಕುರ್ಚಿಯಲ್ಲಿ ಕೂತ ಒಬ್ಬ ಮನುಷ್ಯ ಆಲೋಚಿಸಿ ಮಾಡಿದ ತೀರ್ಮಾನ. ಮಗು ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ಬದಲಾಗಿಬಿಡುತ್ತದೆ. ಜಪಾನಿನ ವಿಮರ್ಶಕರೂ ಇದೇ ಆಕ್ಷೇಪ ಎತ್ತಿದ್ದಾರೆ. ಹಾಗೆಂದು ಈ ಪುಸ್ತಕವನ್ನು ಮಕ್ಕಳಿಂದ ದೂರ ಇಡಬೇಕು ಎಂದು ನಾನು ಹೇಳಲಾರೆ. ಓದಿಸಬೇಕು, ಓದಿಸಿ ತಾರೀಕುಗಳ ಪಟ್ಟಿಯನ್ನೂ ಪಕ್ಕದಲ್ಲಿ ಇಡಬೇಕು. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಅದನ್ನು ಹೋಲಿಸುವ ಶಕ್ತಿ ಖಂಡಿತ ಇದೆ.

ಬೇರೆ ದಾರಿ ಇರಲಿಲ್ಲವೇ ಎಂದು ಕೇಳುವವರಿಗೆ ನಗೋಯಾದ ಉದಾಹರಣೆ ಕೊಡಿ. ಅಲ್ಲಿನ ಹಿಗಾಶಿಯಾಮಾ ಮೃಗಾಲಯದಲ್ಲಿ ಮಕಾನಿ, ಎಲ್ಡೊ ಎಂಬ ಎರಡು ಆನೆಗಳು ಯುದ್ಧ ದಾಟಿ ಉಳಿದವು. ಆನೆ ನೋಡಲೆಂದೇ 1949ರಲ್ಲಿ ಬೇರೆ ಊರುಗಳಿಂದ ಮಕ್ಕಳನ್ನು ಹೊತ್ತು ವಿಶೇಷ ರೈಲುಗಳು ನಗೋಯಾಕ್ಕೆ ಓಡಿದವು. ಅದಕ್ಕೆ ‘ಆನೆ ರೈಲು’ ಎಂದೇ ಹೆಸರು.

ಟೋಕಿಯೊದ ಮಕ್ಕಳು ಸುಮ್ಮನೆ ಕೂರಲಿಲ್ಲ, ಆನೆ ಕೊಡಿ ಎಂದು ಭಾರತಕ್ಕೆ ಪತ್ರ ಬರೆದರು. ನೆಹರು ಮಗಳ ಹೆಸರಿಟ್ಟು ಕಳಿಸಿದ ಇಂದಿರಾ 1949ರ ಸೆಪ್ಟೆಂಬರ್‌ನಲ್ಲಿ ಉಯೆನೊ ತಲುಪಿದಳು. ಅವಳು ನಮ್ಮ ಮೈಸೂರಿನ ಆನೆ. ಅವಳಿಗೆ ತಿಳಿಯುತ್ತಿದ್ದದ್ದು ಕನ್ನಡ ಮಾತ್ರ, ಹಾಗಾಗಿ ಜೊತೆಗೆ ಬಂದಿದ್ದ ಇಬ್ಬರು ಮಾವುತರಿಂದ ಉಯೆನೊದ ಪಾಲಕರು ಸುಮಾರು ಎರಡು ತಿಂಗಳು ಕನ್ನಡದ ಮಾತು ಕಲಿತರು. 1983ರವರೆಗೆ ಅವಳು ಅಲ್ಲೇ ಬದುಕಿದಳು.

ನಮ್ಮ ಓದುಗುಂಪಿಗೆ ನಾನು ಕೊಡುವ ಬರವಣಿಗೆಯ ಅಭ್ಯಾಸ ಆ ಎರಡು ತಿಂಗಳ ಬಗ್ಗೆ. 1943ರಲ್ಲಿ ಖಾಲಿ ಬುಟ್ಟಿ ಹಿಡಿದು ಟೊಂಕಿಯ ಎದುರು ನಿಂತಿದ್ದ ಪಾಲಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಈಗ ಅವನ ಎದುರು ಮೈಸೂರಿನ ಆನೆ, ಪಕ್ಕದಲ್ಲಿ ಮಾವುತ. ತಿನ್ನು ಎನ್ನುವುದಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ ಎಂದು ಅವನು ಕೇಳುತ್ತಾನೆ. ಅಲ್ಲಿಂದ ಬರೆಯಿರಿ.