ಡಾಮ್‌ಕೋಲರ್ ಸಂಖ್ಯೆ: ಬೆಂಕಿ ಯಾರ ದಾರಿ ಕಾಯುತ್ತಿದೆ?

ಶಿರಸಿ ಕಡೆ ಮಳೆಗಾಲದಲ್ಲಿ ಬೆಳಗಾಗುವುದೇ ಬಚ್ಚಲೊಲೆಯ ಹೊಗೆಯಿಂದ. ಕಟ್ಟಿಗೆ ಹಸಿ, ಅಡಿಕೆ ಸಿಪ್ಪೆಗೂ ತೇವ. ಆಯಿ ಊದುಗೊಳವೆ ಹಿಡಿದು ನಾಲ್ಕು ಸಲ ಊದಿದರೆ ಕೆಂಡ ಕೆಂಪೇರಿ ಉರಿ ಏಳುತ್ತಿತ್ತು. ಅದೇ ಉಸಿರು ತಾಗಿದರೆ ಎಣ್ಣೆದೀಪ ಆರಿಹೋಗುತ್ತದೆ. ಯಾಕೆ?

ಕೆಂಡಕ್ಕೆ ಬಿಸಿ ಇದೆ, ಕೊರತೆ ಗಾಳಿಯದು. ಊದಿದರೆ ಅದು ಸಿಗುತ್ತದೆ. ದೀಪದಲ್ಲಿ ಹಾಗಲ್ಲ. ಜೋರಾಗಿ ಊದಿದಾಗ ಎಣ್ಣೆಯ ಆವಿ ಹೊತ್ತಿ ಮುಗಿಯುವಷ್ಟು ಹೊತ್ತು ಬಿಸಿ ಜಾಗದಲ್ಲಿ ನಿಲ್ಲುವುದೇ ಇಲ್ಲ. ಗಾಳಿ ಹರಿಯಲು, ಬೆರೆಯಲು ಹಿಡಿಯುವ ಸಮಯವನ್ನು ರಾಸಾಯನಿಕ ಕ್ರಿಯೆಗೆ ಹಿಡಿಯುವ ಸಮಯದಿಂದ ಭಾಗಿಸಿದರೆ ಬರುವುದೇ ಡಾಮ್‌ಕೋಲರ್ ಸಂಖ್ಯೆ. ಜರ್ಮನಿಯ ಗೆರ್ಹಾರ್ಡ್ ಡಾಮ್‌ಕೋಲರ್ 1936ರಲ್ಲಿ ಇಂಥ ಅನುಪಾತಗಳನ್ನು ಮುಂದಿಟ್ಟರು. ಸಂಖ್ಯೆ 1ಕ್ಕಿಂತ ಬಹಳ ದೊಡ್ಡದಿದ್ದರೆ ಬೆಂಕಿ ಗಾಳಿಯ ದಾರಿ ಕಾಯುತ್ತಿದೆ ಎಂದರ್ಥ. ತೀರಾ ಚಿಕ್ಕದಾದರೆ ಕ್ರಿಯೆ ಮುಗಿಯುವ ಮೊದಲೇ ಎಲ್ಲ ಹರಿದುಹೋಗುತ್ತದೆ, ಉರಿ ಆರುತ್ತದೆ.

ಕಂಪ್ಯೂಟರಿನಲ್ಲಿ ಬೆಂಕಿಯ ಸಿಮ್ಯುಲೇಶನ್ ಮಾಡುವವರಿಗೆ ಈ ಸಂಖ್ಯೆ ಇಲ್ಲದೆ ನಡೆಯುವುದಿಲ್ಲ. ನೈಸರ್ಗಿಕ ಅನಿಲದ ದಹನಕ್ಕೆ ಹೆಸರಾದ ಜಿಆರ್‌ಐ-ಮೆಕ್ 3.0 ಎಂಬ ರಾಸಾಯನಿಕ ಕ್ರಿಯೆಗಳ ಪಟ್ಟಿಯಲ್ಲಿ 53 ಬಗೆಯ ಕಣಗಳು, 325 ಕ್ರಿಯೆಗಳು ಇವೆ. ಸರಳ ಅನಿಲವೊಂದಕ್ಕೇ ಇಷ್ಟು; ಕಟ್ಟಿಗೆಯ ಹೊಗೆ ಇನ್ನೂ ಜಟಿಲ. ಜ್ವಾಲೆಯ ದಪ್ಪವೋ ಒಂದು ಮಿಲಿಮೀಟರಿನ ಆಸುಪಾಸು. ಅದು ಲೆಕ್ಕಕ್ಕೆ ಸಿಗಬೇಕೆಂದು ಅರ್ಧ ಮೀಟರ್ ಉದ್ದ, ಅಗಲ, ಎತ್ತರದ ಒಲೆಯನ್ನು ಅರ್ಧ ಮಿಲಿಮೀಟರಿನ ಗೂಡುಗಳಾಗಿ ಒಡೆದರೆ 100 ಕೋಟಿ ಗೂಡು! ಒಂದೊಂದರಲ್ಲೂ ಇಷ್ಟೆಲ್ಲ ಲೆಕ್ಕ, ಅದೂ ಕ್ಷಣಕ್ಷಣಕ್ಕೆ. ಆದ್ದರಿಂದ ಅನೇಕರು ಡಾಮ್‌ಕೋಲರ್ ಸಂಖ್ಯೆ ದೊಡ್ಡದೆಂದು ಹಿಡಿದು 'ಬೆರೆತದ್ದೆಲ್ಲ ಉರಿಯಿತು' ಎಂಬ ಒಳದಾರಿ ಹಿಡಿಯುತ್ತಾರೆ. ಒಲೆಯಿಂದ ಎಷ್ಟು ಶಾಖ ಬರುತ್ತದೆ ಎಂದಷ್ಟೇ ತಿಳಿಯಬೇಕಿದ್ದರೆ ಇದು ತಕ್ಕಮಟ್ಟಿಗೆ ಸಾಕು.

ಹೊಗೆಯ ವಿಷಯಕ್ಕೆ ಬಂದರೆ ಮಾತ್ರ ಈ ದಾರಿ ದಿಕ್ಕು ತಪ್ಪಿಸುತ್ತದೆ. ಒಲೆ ಒಂದೇ ಆದರೂ ಈ ಸಂಖ್ಯೆ ಒಂದೇ ಅಲ್ಲ, ಜಾಗಕ್ಕೊಂದು, ಕ್ರಿಯೆಗೊಂದು. ಕಾರ್ಬನ್ ಮೊನಾಕ್ಸೈಡ್ ಡೈಆಕ್ಸೈಡ್ ಆಗುವ ಕೊನೆಯ ಹಂತ ಬಲು ನಿಧಾನ, ಬಿಸಿಯೂ ಬೇಕು. ತಣ್ಣೀರು ತುಂಬಿದ ತಾಮ್ರದ ಹಂಡೆಯ ತಳಕ್ಕೆ ಉರಿ ತಾಗಿದೊಡನೆ ಅನಿಲ ತಣಿಯುತ್ತದೆ, ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಹಂಡೆಗೆ ಮೆತ್ತುತ್ತದೆ; ಕಣ್ಣಿಗೆ ಕಾಣದ, ವಾಸನೆಯಿಲ್ಲದ ಮೊನಾಕ್ಸೈಡ್ ಬಚ್ಚಲುಮನೆ ತುಂಬುತ್ತದೆ. ಒಳದಾರಿಯ ಲೆಕ್ಕದಲ್ಲಿ ಅದರ ಸುಳಿವೇ ಇರುವುದಿಲ್ಲ. ಪರದೆಯ ಮೇಲೆ ಚೆಂದದ ಕೆಂಪು-ಹಳದಿ ಜ್ವಾಲೆ, ಆಯಿಯ ಎದೆಗಿಳಿಯುವ ವಿಷ ಸೊನ್ನೆ.

ಯಾರಾದರೂ ಹೊಗೆರಹಿತ ಒಲೆಯ ಸಿಮ್ಯುಲೇಶನ್ ತೋರಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ಹಂಡೆಯ ತಳಕ್ಕೆ. ಅಲ್ಲಿ ಮೊನಾಕ್ಸೈಡಿನ ಲೆಕ್ಕವನ್ನು ಬೇರೆಯಾಗಿ ಇಟ್ಟಿದ್ದೀರಾ ಎಂದು ಕೇಳುತ್ತೇನೆ.